ಮಕ್ಕಳಿರುವ ಮನೆಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಮುಖ್ಯಾಂಶಗಳು

ಯಾರಿಗೆ ಬೇಕು, ಯಾರಿಗೆ ಬೇಡ

• ತುಮಕೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48, ಸುಮಾರು 70 ಕಿ.ಮೀ. ಗುಬ್ಬಿ ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ., ಹೆದ್ದಾರಿ 73. ಕುಣಿಗಲ್ ದಕ್ಷಿಣಕ್ಕೆ ಸುಮಾರು 36 ಕಿ.ಮೀ., ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿ 75ರ ಮೇಲಿದೆ. ಈ ಮೂರು ಊರಿನ ನಡುವೆ ಓಡಾಡಲು, ದೇವರಾಯನದುರ್ಗದ ಬೆಟ್ಟ ಹತ್ತಲು, ಎಡೆಯೂರಿಗೆ ಹೋಗಿಬರಲು ಡಾಂಬರು ರಸ್ತೆ ಇದೆ. ಇಷ್ಟಕ್ಕೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಬೇಕಿಲ್ಲ.

• ಬೇಕಾಗುವುದು ಕೊನೆಯ ಒಂದೆರಡು ಕಿಲೋಮೀಟರಿಗೆ. ಅಡಿಕೆ, ತೆಂಗಿನ ತೋಟದೊಳಗಿನ ಬಂಡಿ ಜಾಡು, ಹೇಮಾವತಿ ನಾಲೆ ಪಕ್ಕದ ಮಣ್ಣು ದಾರಿ, ಕೆರೆ ಹಿಂದಿನ ಜಮೀನು. ಜಿಲ್ಲೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆರೆ ಕೋಡಿ ಬಿದ್ದ ವರ್ಷವಂತೂ ತಿಂಗಳುಗಟ್ಟಲೆ ಜಾಡು ಒಣಗುವುದಿಲ್ಲ.

• ಈಗಿನ ಚಿಕ್ಕ ವಯಸ್ಸಿನ ಸಂಸಾರಗಳ ಓಡಾಟ ಎರಡು ತರಹದ್ದು. ವಾರವಿಡೀ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೋ, ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೋ (ಉದ್ಘಾಟನೆ 6 ಫೆಬ್ರವರಿ 2023) ಡಾಂಬರಿನ ಮೇಲೆ. ಭಾನುವಾರ ಮಕ್ಕಳೊಂದಿಗೆ ಅಪ್ಪ–ಅಮ್ಮನ ತೋಟಕ್ಕೆ ಕೆಸರಿನ ಮೇಲೆ. ಗಾಡಿ ಆರಿಸುವಾಗ ಆರು ದಿನದ ಹೆದ್ದಾರಿಗೆ ಹೆಚ್ಚು ತೂಕ ಕೊಡಬೇಕು, ಒಂದು ದಿನದ ಕೆಸರಿಗೆ ಕಡಿಮೆ. ಬಹಳಷ್ಟು ಜನ ಇದನ್ನು ಉಲ್ಟಾ ಮಾಡುತ್ತಾರೆ.

ನಾಲ್ಕು ಚಕ್ರದ ಶಕ್ತಿ ಎಂದರೆ ಏನೇನು

• ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ (ಜಿಪ್ಸಿ, ಥಾರ್, ಜಿಮ್ನಿ, ಹಳೆ ಸ್ಕಾರ್ಪಿಯೋ, ಸಫಾರಿ ಸ್ಟಾರ್ಮ್): ಲಿವರ್ ಅಥವಾ ಬಟನ್‌ನಿಂದ ಬೇಕಾದಾಗ ಹಾಕಿಕೊಳ್ಳುವುದು. ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಎರಡೂ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಮಣ್ಣಿನಲ್ಲಿ ಟೈರು ಜಾರಿ ಸರಿದೂಗಿಸುತ್ತದೆ, ಒಣ ಡಾಂಬರಿನಲ್ಲಿ ಆ ಒತ್ತಡವೆಲ್ಲ ಗೇರು, ಶಾಫ್ಟ್‌ಗಳ ಮೇಲೆ ಬೀಳುತ್ತದೆ. ಹೆದ್ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದ ಗಾಡಿ ಬೇಗ ಸವೆಯುವುದು ಇದರಿಂದ.

• ಆಲ್ ವೀಲ್ ಡ್ರೈವ್ (ಡಸ್ಟರ್, ಎಕ್ಸ್‌ಯುವಿ500, ಹೊಸ ಗ್ರ್ಯಾಂಡ್ ವಿಟಾರ): ಚಕ್ರ ಜಾರಿದಾಗ ತಾನಾಗಿಯೇ ಉಳಿದ ಆಕ್ಸಲ್‌ಗೆ ಶಕ್ತಿ ಹೋಗುತ್ತದೆ. ಡಾಂಬರಿಗೂ ಸರಿ, ತೋಟದ ಕೆಸರಿಗೂ ಸಾಕು.

• ಲೋ ರೇಂಜ್: ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಇನ್ನೊಂದು ಗೇರು ಜೋಡಿ. ಬಂಡೆ ಹತ್ತುವವರಿಗೆ, ಹೂತುಕೊಂಡ ಟ್ರೇಲರ್ ಎಳೆಯುವವರಿಗೆ ಅಗತ್ಯ. ಮೇಲೆ ಹೇಳಿದ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಇದು ಇಲ್ಲ.

• ನೆನಪಿಡಲೇಬೇಕಾದ ಅಂಶ: ನಾಲ್ಕು ಚಕ್ರದ ಶಕ್ತಿ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಮಳೆಯಲ್ಲಿ ಬ್ರೇಕ್ ಹಿಡಿಯುವುದು ಟೈರು ಮತ್ತು ಎಬಿಎಸ್.

ಮಕ್ಕಳ ಸೀಟು: ಇಲ್ಲಿ ಸೋತರೆ ಉಳಿದದ್ದೆಲ್ಲ ವ್ಯರ್ಥ

ಅಗ್ಗದ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹೆಚ್ಚಿನವು ಸಂಸಾರಕ್ಕಾಗಿ ಮಾಡಿದವಲ್ಲ. ಜಿಪ್ಸಿಯ ಹಿಂದೆ, 2010ರ ಥಾರ್‌ನ ಹಿಂದೆ ಎದುರು–ಬದುರು ಬೆಂಚು. ಕೆಲವು ಸ್ಕಾರ್ಪಿಯೋಗಳ ಕೊನೆ ಸಾಲಿನಲ್ಲೂ ಪಕ್ಕಕ್ಕೆ ಮುಖ ಮಾಡಿದ ಸೀಟೇ. ಡಿಕ್ಕಿಯಾದಾಗ ದೇಹ ಮುಂದಕ್ಕೆ ಎಸೆಯಲ್ಪಡುತ್ತದೆ. ಪಕ್ಕಕ್ಕೆ ಕೂತ ಮಗುವಿನ ಕುತ್ತಿಗೆ, ಸೊಂಟಕ್ಕೆ ಅಲ್ಲಿ ಆಧಾರವೇ ಇರುವುದಿಲ್ಲ. ಅಂಥ ಬೆಂಚಿನ ಮೇಲೆ ಮಕ್ಕಳ ಸೀಟನ್ನು ಸರಿಯಾಗಿ ಕಟ್ಟಲೂ ಆಗದು. 2020ರ ಹೊಸ ಥಾರ್‌ನ ಕೆಳದರ್ಜೆಯಲ್ಲೂ ಮೊದಮೊದಲು ಇಂಥ ಬೆಂಚು ಇತ್ತು, ಬೇಗನೆ ನಿಲ್ಲಿಸಿದರು.

• ಬೇಕಾದದ್ದು: ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್, ಸಾಧ್ಯವಾದರೆ ಐಸೊಫಿಕ್ಸ್ ಕೊಂಡಿ (ಮಕ್ಕಳ ಸೀಟನ್ನು ನೇರವಾಗಿ ಗಾಡಿಗೆ ಸಿಕ್ಕಿಸುವುದು). ನೋಡಲು ಹೋಗುವಾಗ ಮಗುವಿನ ಸೀಟನ್ನು ಜೊತೆಗೇ ಒಯ್ದು ಅಲ್ಲೇ ಕಟ್ಟಿ ನೋಡಿ. ಮಾರುವವರು ಕಾಯಲಿ.

• ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 1 ಜುಲೈ 2019ರಿಂದ. ಮುಂದಿನ ಪ್ರಯಾಣಿಕರದ್ದು ಹೊಸ ಮಾದರಿಗಳಿಗೆ 1 ಏಪ್ರಿಲ್ 2021ರಿಂದ. ಅದಕ್ಕೂ ಹಳೆಯ ಗಾಡಿಯಲ್ಲಿ ಯಾವ ದರ್ಜೆಗೆ ಏನು ಕೊಟ್ಟಿದ್ದರು ಎಂಬುದನ್ನು ಒಂದೊಂದಾಗಿ ನೋಡಬೇಕು.

• ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ: ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋ 2016ರಲ್ಲಿ ಸೊನ್ನೆ ತಾರೆ. ಡಸ್ಟರ್ 2017ರಲ್ಲಿ ಏರ್‌ಬ್ಯಾಗ್ ಇಲ್ಲದೆ ಸೊನ್ನೆ, ಚಾಲಕರ ಏರ್‌ಬ್ಯಾಗ್ ಇದ್ದಾಗ 3. ಹೊಸ ಥಾರ್ 2020ರಲ್ಲಿ ದೊಡ್ಡವರಿಗೆ 4, ಮಕ್ಕಳಿಗೆ 4. ಸ್ಕಾರ್ಪಿಯೋ–ಎನ್ 2022ರಲ್ಲಿ ದೊಡ್ಡವರಿಗೆ 5. ಭಾರತ್ ಎನ್‌ಕ್ಯಾಪ್ ಶುರುವಾದದ್ದು 1 ಅಕ್ಟೋಬರ್ 2023.

• ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಬಿ: 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಒಯ್ದರೆ 1,000 ರೂ. ದಂಡ.

• ಹಿಂದಕ್ಕೆ ಮುಖ ಮಾಡುವ ಹಸುಗೂಸಿನ ಸೀಟನ್ನು, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನ ಮೇಲೆ ಎಂದೂ ಇಡಬಾರದು.

ಗಾಡಿಗಳು, ಒಂದೊಂದೇ

ರೆನೋ ಡಸ್ಟರ್ ಆಲ್ ವೀಲ್ ಡ್ರೈವ್. 2014ರ ಸೆಪ್ಟೆಂಬರ್‌ನಲ್ಲಿ ಬಂತು, ಡೀಸೆಲ್ ಡಸ್ಟರ್ 2020ರ ಏಪ್ರಿಲ್‌ನ ಬಿಎಸ್–6 ಹೊಗೆ ನಿಯಮದೊಂದಿಗೆ ನಿಂತಿತು. 1.5 ಲೀಟರ್ ಡೀಸೆಲ್, 110 ಪಿಎಸ್, ಆರು ಗೇರು, ನೆಲದಿಂದ 210 ಮಿ.ಮೀ. ಎತ್ತರ, ಐದು ಸೀಟು, ಎಲ್ಲವೂ ಮುಂದಕ್ಕೆ. ಗುಂಡಿಯ ಮೇಲೆ ಮೂರು ಆಯ್ಕೆ: ಟೂ ವೀಲ್, ಆಟೋ, ಲಾಕ್. ಲೋ ರೇಂಜ್ ಇಲ್ಲದ ಕೊರತೆ ನೀಗಲು ಮೊದಲ ಗೇರನ್ನು ತೀರ ಚಿಕ್ಕದಾಗಿ ಇಟ್ಟಿದ್ದಾರೆ. ಈ ಸೀಮೆಯ ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಸೀಟಿನ ಮಗು ನಿದ್ದೆಯಿಂದ ಏಳದಷ್ಟು ನಯವಾದ ಸಸ್ಪೆನ್ಷನ್ ಇದರದ್ದು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಿ. ಬೆಲ್ಟ್ ಹರಿದರೆ ಎಂಜಿನ್ನೇ ಹೋಗುತ್ತದೆ.

ಮಹೀಂದ್ರಾ ಎಕ್ಸ್‌ಯುವಿ500 ಆಲ್ ವೀಲ್ ಡ್ರೈವ್. 2011ರಲ್ಲಿ ಬಂದ ಮಾದರಿ, 2.2 ಲೀಟರ್ ಡೀಸೆಲ್, ಏಳು ಸೀಟು. ಅಜ್ಜ–ಅಜ್ಜಿಯೂ ಜೊತೆಗೆ ಬರುವ ಮನೆಗೆ ಹೊಂದುತ್ತದೆ. ಮೇಲಿನ ದರ್ಜೆಯಲ್ಲಿ ಏರ್‌ಬ್ಯಾಗ್ ಹೆಚ್ಚು. ಎಲೆಕ್ಟ್ರಾನಿಕ್ಸ್ ಜಾಸ್ತಿ ಇರುವುದರಿಂದ ಪ್ರತಿ ಬಟನ್ ಒತ್ತಿ ನೋಡಿ.

ಟಾಟಾ ಹೆಕ್ಸಾ ಎಕ್ಸ್‌ಟಿ ಫೋರ್ ಬೈ ಫೋರ್. ಜನವರಿ 2017ರಿಂದ 2020. 400 ಎನ್‌ಎಂ ಎಳೆತ, ಆರು ಏರ್‌ಬ್ಯಾಗ್. ಗಟ್ಟಿಮುಟ್ಟು, ಆದರೆ ಉದ್ದ, ಅಗಲ ಹೆಚ್ಚು; ಅಡಿಕೆ ಸಾಲಿನ ನಡುವೆ ತಿರುಗಿಸಲು ಕಷ್ಟ. ಅದರ ಮುಂಚಿನ ಸಫಾರಿ ಸ್ಟಾರ್ಮ್‌ನಲ್ಲಿ (2012) ಲೋ ರೇಂಜ್ ಸಿಗುತ್ತದೆ.

ಮಾರುತಿ ಜಿಮ್ನಿ. ಜೂನ್ 2023ರಲ್ಲಿ ಬಿಡುಗಡೆ. ಎಲ್ಲ ದರ್ಜೆಯಲ್ಲೂ ಫೋರ್ ವೀಲ್ ಡ್ರೈವ್, ಲೋ ರೇಂಜ್, ಆರು ಏರ್‌ಬ್ಯಾಗ್, ಐಸೊಫಿಕ್ಸ್. ನಾಲ್ಕೇ ಜನ. ಹಿಂದಿನ ಸೀಟು ಎತ್ತಿದ್ದಾಗ ಸಾಮಾನಿಗೆ 208 ಲೀಟರ್ ಜಾಗ. ಮಗುವಿನ ತಳ್ಳುಗಾಡಿ ಇಟ್ಟರೆ ತರಕಾರಿ ಚೀಲಕ್ಕೆ ಸ್ಥಳವಿಲ್ಲ. ಒಂದು ಮಗುವಿನ ಮನೆಗೆ ಬಹಳ ಒಳ್ಳೆಯದು.

ಥಾರ್ (2020). ಅಕ್ಟೋಬರ್ 2ರಂದು ಬಿಡುಗಡೆ. ಕೆಸರಿನಲ್ಲಿ ಇದಕ್ಕೆ ಸಾಟಿ ಕಡಿಮೆ. ಬಾಗಿಲು ಎರಡೇ; ನಿದ್ದೆ ಮಾಡುತ್ತಿರುವ ಮಗುವನ್ನು ಹಿಂದಿನ ಸೀಟಿಗೆ ಇಳಿಸುವ ತಾಯಿಯ ಸೊಂಟವನ್ನು ಕೇಳಿ. ಜನವರಿ 2023ರಿಂದ ಹಿಂಚಕ್ರಕ್ಕೆ ಮಾತ್ರ ಶಕ್ತಿಯಿರುವ ಥಾರ್ ಕೂಡ ಮಾರುಕಟ್ಟೆಯಲ್ಲಿದೆ. ನೋಡಲು ಹೆಚ್ಚು ವ್ಯತ್ಯಾಸವಿಲ್ಲ. ಫೋರ್ ವೀಲ್ ಲಿವರ್ ಇದೆಯೇ ಎಂದು ಒಳಗೆ ಕೂತು ನೋಡಿ.

ಜಿಪ್ಸಿ. 1985ರಿಂದ ಬಂದ, ಹಗುರವಾದ, ಎಲ್ಲೆಂದರಲ್ಲಿ ರಿಪೇರಿಯಾಗುವ ಗಾಡಿ. ಏರ್‌ಬ್ಯಾಗ್, ಎಬಿಎಸ್ ಇಲ್ಲ. ತೋಟದ ಕೆಲಸಕ್ಕೆ ಸರಿ, ಮಕ್ಕಳೊಂದಿಗೆ ಹೆದ್ದಾರಿ 48ಕ್ಕೆ ಬೇಡ.

ನೋಡುವ ಕ್ರಮ

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಹೊಗೆಯನ್ನೂ ಸ್ಟಾರ್ಟಿಂಗ್ ತೊಂದರೆಯನ್ನೂ ಮುಚ್ಚುತ್ತದೆ. ಪರಿಚಯದ ಮೆಕ್ಯಾನಿಕ್ ಜೊತೆಗಿರಲಿ, ಅವರ ದಿನದ ಕೂಲಿ ಕೊಡಿ.

ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿಸಿ. ಕಿರುಬೆರಳು ಒಳಗಿಟ್ಟು ತೆಗೆದರೆ ಎಣ್ಣೆ ಜೇನು ಬಣ್ಣದಲ್ಲೋ ಕಪ್ಪಗೋ ಇರಬೇಕು. ಹಾಲು ಬೆರೆತ ಕಾಫಿಯಂತೆ ಇದ್ದರೆ ಗಾಡಿ ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ನಿಂತಿದೆ. ಬೆರಳ ತುದಿಯಲ್ಲಿ ಬೆಳ್ಳಿ ಪುಡಿ ಹೊಳೆದರೆ ಗೇರಿನ ಹಲ್ಲು ಸವೆಯುತ್ತಿದೆ. ಮುಂದಿನ ಡಿಫರೆನ್ಷಿಯಲ್‌ಗೂ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೂ ಇದೇ ಪರೀಕ್ಷೆ. ಇಡೀ ಪರಿಶೀಲನೆಯಲ್ಲಿ ಇಷ್ಟು ನಿಜ ಹೇಳುವ ಭಾಗ ಇನ್ನೊಂದಿಲ್ಲ.

• ಸೆಪ್ಟೆಂಬರ್ 2022ರ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಸುತ್ತಮುತ್ತ ಸಾಕಷ್ಟು ಕಾರು ಮುಳುಗಿದ್ದವು. ಬೆಂಗಳೂರು ನೋಂದಣಿಯ ಗಾಡಿಯಾದರೆ ಸೀಟಿನ ಹಳಿ, ಕಾರ್ಪೆಟ್ ಅಡಿ, ಬೆಲ್ಟನ್ನು ಪೂರ್ತಿ ಎಳೆದು ಅದರ ಬುಡದಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ.

• ಫೋರ್ ವೀಲ್ ಹಾಕಿಸಿ ನೋಡದೆ ಮುಂಗಡ ಕೊಡಬೇಡಿ. ಸಡಿಲ ಮಣ್ಣಿನ ಜಾಗಕ್ಕೆ ಒಯ್ದು ಫೋರ್ ಹೈ, ಫೋರ್ ಲೋ ಎರಡೂ ಹಾಕಿ, ನಿಧಾನ ಚಲಾಯಿಸಿ, ಮತ್ತೆ ಟೂ ವೀಲ್‌ಗೆ ಬಿಡಿಸಿ. ವರ್ಷಗಟ್ಟಲೆ ಹಾಕದ ಗಾಡಿಗಳಲ್ಲಿ ಲಿವರ್ ಬಿಗಿದು, ವ್ಯಾಕ್ಯೂಮ್ ಪೈಪ್ ಒಣಗಿ ಒಡೆದಿರುತ್ತವೆ. ಬೋರ್ಡಿನಲ್ಲಿ ದೀಪ ಹೊತ್ತಿದರೆ ಸಾಲದು, ಮುಂದಿನ ಚಕ್ರ ಎಳೆಯುವುದನ್ನು ಹೊರಗೆ ನಿಂತವರು ನೋಡಬೇಕು.

• ನಾಲ್ಕೂ ಟೈರು ಒಂದೇ ಅಳತೆ, ಹತ್ತಿರಹತ್ತಿರ ಒಂದೇ ಸವೆತದ್ದಾಗಿರಬೇಕು. ಪಕ್ಕದಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ.

• ಬಿಎಸ್–6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಮಕೂರು ಊರೊಳಗೆ ಶಾಲೆ, ಮಾರ್ಕೆಟ್ ಎಂದು ಎರಡು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದ ಓಟ ಬೇಕು. ಊರೊಳಗೇ ಓಡಾಟವಿದ್ದರೆ ಪೆಟ್ರೋಲ್ ಆರಿಸಿ.

• ಕೊಳ್ಳುವ ಹಣದಲ್ಲಿ ನೂರಕ್ಕೆ ಹದಿನೈದರಷ್ಟು ಮೊದಲ ವರ್ಷದ ಟೈರು, ಎಣ್ಣೆ, ರಿಪೇರಿಗೆ ಎತ್ತಿಡಿ. ಅದು ಉಳಿಯದಿದ್ದರೆ ಗಾಡಿ ನಿಮ್ಮ ಕೈಗೆ ಮೀರಿದ್ದು.

ಕಾಗದಪತ್ರ

• ನೋಂದಣಿ ಸಂಕೇತ: ತುಮಕೂರು ಕೆಎ–06, ತಿಪಟೂರು ಕೆಎ–44, ಮಧುಗಿರಿ ಕೆಎ–64.

• ಮೋಟಾರು ವಾಹನ ಕಾಯ್ದೆ, 1988, ಸೆಕ್ಷನ್ 50: ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ನಮೂನೆ 29, 30. ಸಾಲ ತೀರಿದ್ದರೆ ನಮೂನೆ 35. ಹೊರರಾಜ್ಯದಿಂದ ತರುವುದಾದರೆ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28.

• ಹೆಸರು ಬದಲಾಯಿಸದೆ ಗಾಡಿ ಕೈದಾಟಿದರೆ ಅಪಘಾತದ ಹೊಣೆ ದಾಖಲೆಯಲ್ಲಿ ಹೆಸರಿರುವವರದ್ದೇ: ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ, ಸುಪ್ರೀಂ ಕೋರ್ಟ್, ಫೆಬ್ರವರಿ 2018. ಮಾರುವವರಿಗೂ ಇದನ್ನು ಹೇಳಿ, ಬೇಗ ಸಹಿ ಹಾಕುತ್ತಾರೆ.

• ವಿಮೆ: ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ (ಸೆಕ್ಷನ್ 157). ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರದ್ದು, ಗಾಡಿಯೊಂದಿಗೆ ಬರುವುದಿಲ್ಲ.

• ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕ 1 ಏಪ್ರಿಲ್ 2022ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು.

• ದೆಹಲಿ ಗಾಡಿ ಅಗ್ಗವೇಕೆ: 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಇಲ್ಲಿಗೆ ತಂದರೆ ಕರ್ನಾಟಕದ ಜೀವಿತಾವಧಿ ತೆರಿಗೆ ಬೇರೆ ಕಟ್ಟಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗವೇ ಎಂದು ನೋಡಿ.

• ಎತ್ತರಿಸಿದ ಸಸ್ಪೆನ್ಷನ್, ಬದಲಿಸಿದ ಎಂಜಿನ್, ಕತ್ತರಿಸಿದ ಬಾಡಿ ಇರುವ ಗಾಡಿ ಸೆಕ್ಷನ್ 52ರ ತೊಡಕಿನದು. ಅಪಘಾತವಾದಾಗ ವಿಮಾ ಕಂಪನಿ ಹಿಡಿಯುವುದು ಇದನ್ನೇ. ಶೋರೂಮಿನಿಂದ ಬಂದಂತೆಯೇ ಇರುವುದನ್ನು ಹುಡುಕಿ.

ತೀರ್ಮಾನ

ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ತೋಟವಿದ್ದು ತುಮಕೂರಿನಲ್ಲಿ ಮನೆ ಮಾಡಿರುವ, ಸಣ್ಣ ಮಕ್ಕಳ ಸಂಸಾರಕ್ಕೆ ಕಡಿಮೆ ಹಣದಲ್ಲಿ ನನ್ನ ಮೊದಲ ಆಯ್ಕೆ, ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಮೇಲಿನ ದರ್ಜೆಯ ಡಸ್ಟರ್ ಆಲ್ ವೀಲ್ ಡ್ರೈವ್. ಸ್ವಲ್ಪ ಹೆಚ್ಚು ಹಾಕಬಲ್ಲವರಿಗೆ, ಒಂದೇ ಮಗುವಿದ್ದರೆ, ಜಿಮ್ನಿ. ಏಳು ಜನಕ್ಕೆ ಎಕ್ಸ್‌ಯುವಿ500. ತೋಟದ ದಾರಿಗೆ ಜಲ್ಲಿ ಬಿದ್ದಿರುವವರು ಇವ್ಯಾವುದನ್ನೂ ಕೊಳ್ಳಬೇಕಿಲ್ಲ. ಆರು ಏರ್‌ಬ್ಯಾಗಿನ ಟೂ ವೀಲ್ ಡ್ರೈವ್ ಗಾಡಿ, ನಾಲ್ಕು ಹೊಸ ಟೈರು ಸಾಕು. ಯಾವುದನ್ನೇ ಕೊಂಡರೂ ಮಕ್ಕಳ ಸೀಟನ್ನು ಅದೇ ದಿನ ಕೊಳ್ಳಿ, ಅದನ್ನು ಕಟ್ಟಿದ ಮೇಲೆಯೇ ಮಗುವನ್ನು ಹತ್ತಿಸಿ.