ದಣಿವಿಗೆ ಸುತ್ತಲಿನ ಗದ್ದಲವೂ ಕಾರಣವಿರಬಹುದು

ಕಚೇರಿಯಿಂದ ಬಂದೊಡನೆ ಯಾರೊಡನೆಯೂ ಮಾತನಾಡದೆ, ಕೋಣೆಯ ದೀಪ ಆರಿಸಿ ಮಲಗಿಬಿಡುವ ಒಬ್ಬರು ನಿಮ್ಮ ಮನೆಯಲ್ಲಿಯೂ ಇರಬಹುದು. ಟಿ.ವಿ., ಮಿಕ್ಸಿ ಎರಡೂ ಒಟ್ಟಿಗೆ ಸದ್ದು ಮಾಡಿದರೆ ಅವರು ಸಿಡುಕುತ್ತಾರೆ. ಮದುವೆಗೆ ಹೋಗಿಬಂದರೆ ಚೇತರಿಸಿಕೊಳ್ಳಲು ಎರಡು ದಿನ ಬೇಕು. ರಕ್ತ ಪರೀಕ್ಷೆಯಲ್ಲಿ ದೋಷ ಕಾಣದಿದ್ದಾಗ ಮನೆಯವರು ‘ಸೋಮಾರಿ’, ‘ಜನ ಸೇರದವರು’ ಎನ್ನುತ್ತಾರೆ. ಕ್ರಮೇಣ ಅವರೂ ಅದನ್ನೇ ನಂಬತೊಡಗುತ್ತಾರೆ. ಕೆಲವರು ಕೆಲಸವನ್ನೇ ಬಿಟ್ಟುಬಿಡುತ್ತಾರೆ.

ಇಂಥವರಲ್ಲಿ ಕೆಲವರ ಮಿದುಳು ಕೆಲಸ ಮಾಡುವ ರೀತಿಯೇ ಚಿಕ್ಕಂದಿನಿಂದ ಬೇರೆಯಾಗಿರುತ್ತದೆ. ಆಟಿಸಂ, ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಎ.ಡಿ.ಎಚ್.ಡಿ., ಓದು ಬರಹದ ತೊಡಕಾದ ಡಿಸ್ಲೆಕ್ಸಿಯಾ ಮುಂತಾದವನ್ನು ಒಟ್ಟಾಗಿ ಈಗ ‘ನರವೈವಿಧ್ಯ’ ಎಂದು ಕರೆಯುವುದುಂಟು. ಇವು ಮಕ್ಕಳ ತೊಂದರೆಗಳೆಂದು ಬಹುಮಂದಿ ತಿಳಿದಿದ್ದಾರೆ. ಆದರೆ ಆ ಮಕ್ಕಳು ಬೆಳೆದು ಗುಮಾಸ್ತರು, ಶಿಕ್ಷಕರು, ಗೃಹಿಣಿಯರು ಆಗುತ್ತಾರೆ. ಈಗ ನಲವತ್ತು ದಾಟಿದವರ ಬಾಲ್ಯದಲ್ಲಿ ಇದನ್ನು ಗುರುತಿಸಿದವರೇ ಅಪರೂಪ. ಹೆಣ್ಣುಮಕ್ಕಳಲ್ಲಂತೂ ಲಕ್ಷಣಗಳು ಇನ್ನೂ ಹೆಚ್ಚಾಗಿ ಕಣ್ತಪ್ಪಿಹೋಗುತ್ತವೆ.

ದಣಿವು ಯಾಕೆ?

ನೀವು ಈ ಅಂಕಣ ಓದುತ್ತಿರುವಾಗ ಫ್ಯಾನಿನ ಸದ್ದು, ಬೀದಿಯ ಹಾರನ್, ಒಗ್ಗರಣೆಯ ವಾಸನೆ, ಕುತ್ತಿಗೆಗೆ ತಗಲುವ ಅಂಗಿಯ ಪಟ್ಟಿ ಎಲ್ಲವೂ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಹೆಚ್ಚಿನವರ ಮಿದುಳು ಸ್ವಲ್ಪ ಹೊತ್ತಿನಲ್ಲಿ ಇವಕ್ಕೆ ಒಗ್ಗಿಕೊಂಡು, ಬೇಡವಾದುದನ್ನು ಜರಡಿ ಹಿಡಿದಂತೆ ಬದಿಗಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ಒಗ್ಗಿಕೊಳ್ಳುವಿಕೆ ಸುಲಭವಾಗಿ ಆಗುವುದಿಲ್ಲ. ಹತ್ತನೆಯ ನಿಮಿಷದಲ್ಲೂ ಫ್ಯಾನಿನ ಸದ್ದು ಮೊದಲ ನಿಮಿಷದಷ್ಟೇ ಜೋರಾಗಿ ಕೇಳಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯು, ಶಬ್ದ, ಬೆಳಕು, ಸ್ಪರ್ಶ ಮುಂತಾದವಕ್ಕೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಪ್ರತಿಕ್ರಿಯಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು.

ಎ.ಡಿ.ಎಚ್.ಡಿ. ಇರುವವರ ತೊಂದರೆ ಬೇರೆ. ಪ್ರತಿಯೊಂದು ಸದ್ದು, ಪ್ರತಿಯೊಬ್ಬರ ಓಡಾಟವೂ ಅವರ ಗಮನವನ್ನು ಎಳೆದೊಯ್ಯುತ್ತದೆ. ದಿನವಿಡೀ ಅದನ್ನು ಕೆಲಸಕ್ಕೆ ಮರಳಿ ತರುವುದೇ ಒಂದು ದುಡಿಮೆ. ಇದರ ಜೊತೆಗೆ, ತಾನೂ ಎಲ್ಲರಂತೆಯೇ ಇದ್ದೇನೆಂದು ತೋರಿಸಿಕೊಳ್ಳುವ ಶ್ರಮವಿದೆ. ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು, ಬೇಡವಾದರೂ ನಗುವುದು, ಕೈಕಾಲು ಆಡಿಸದೆ ಕುಳಿತಿರುವುದು ಇವೆಲ್ಲಕ್ಕೂ ಶಕ್ತಿ ಖರ್ಚಾಗುತ್ತದೆ.

ಭಾರ ಮಿತಿಮೀರಿದಾಗ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ತಲೆ ನೋಯುತ್ತದೆ. ಕೆಲವರು ಸಿಟ್ಟಿಗೇಳುತ್ತಾರೆ, ಕೆಲವರಿಗೆ ಮಾತೇ ಹೊರಡುವುದಿಲ್ಲ. ಇದನ್ನು ಹಠವೆಂದು ತಿಳಿಯಬೇಡಿ.

ನಮ್ಮ ಸುತ್ತಲಿನ ಕಾರಣಗಳು

ಹಳೆಯ ಮಾದರಿಯ ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರಬಲ್ಲದು. ಕಳಪೆ ಎಲ್.ಇ.ಡಿ. ದೀಪಗಳಲ್ಲೂ ಇದೇ ತೊಂದರೆ ಇರಬಹುದು.

ಇನ್ನು ಶಬ್ದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು. 10 ಡೆಸಿಬೆಲ್ ಹೆಚ್ಚಾಯಿತೆಂದರೆ ಶಬ್ದದ ತೀವ್ರತೆ ಹತ್ತುಪಟ್ಟಾಯಿತೆಂದು ಅರ್ಥ. ಮಂಟಪದ ಧ್ವನಿವರ್ಧಕ, ಬಸ್ ನಿಲ್ದಾಣ, ಅಡ್ಡಗೋಡೆಯಿಲ್ಲದ ಕಚೇರಿ, ಕುಕ್ಕರ್ ಕೂಗುವ ಅಡುಗೆಮನೆ ಇವು ಒಂದೊಂದಾಗಿ ಸಹ್ಯವಾಗಬಹುದು. ಒಂದೇ ದಿನದಲ್ಲಿ ಎಲ್ಲವೂ ಸೇರಿದರೆ ಸಂಜೆಗೆ ಶಕ್ತಿ ಉಳಿಯುವುದಿಲ್ಲ.

ಮೊದಲು ತಪಾಸಣೆ

ದಣಿವೆಲ್ಲವೂ ನರವೈವಿಧ್ಯದ್ದೆಂದು ತೀರ್ಮಾನಿಸಬೇಡಿ. ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ, ಬಿ12 ಕೊರತೆ, ಖಿನ್ನತೆ, ಗೊರಕೆಯೊಂದಿಗೆ ನಿದ್ರೆಯಲ್ಲಿ ಉಸಿರುಕಟ್ಟುವುದು ಇವೆಲ್ಲ ನಮ್ಮಲ್ಲಿ ಸಾಮಾನ್ಯ. ಮೈಗ್ರೇನ್ ಇರುವವರಿಗೂ ಬೆಳಕು, ಸದ್ದು ಸಹಿಸಲಾಗುವುದಿಲ್ಲ. ಒಂದು ಮುಖ್ಯ ವ್ಯತ್ಯಾಸ ನೆನಪಿಡಿ: ನರವೈವಿಧ್ಯದ ಲಕ್ಷಣಗಳ ಬೇರು ಬಾಲ್ಯದಲ್ಲಿರುತ್ತದೆ. ನಲವತ್ತರಲ್ಲಿ ಹೊಸದಾಗಿ ಕಾಣಿಸಿಕೊಂಡ ತೊಂದರೆಗೆ ಬೇರೆ ಕಾರಣ ಹುಡುಕಲೇಬೇಕು.

ಏನು ಮಾಡಬಹುದು?

* ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ: ಯಾವ ಹೊತ್ತಿಗೆ ದಣಿವಾಯಿತು, ಆಗ ಎಲ್ಲಿದ್ದಿರಿ, ಸುತ್ತ ಏನಿತ್ತು? ವೈದ್ಯರಿಗೂ ಇದರಿಂದ ಸಹಾಯವಾಗುತ್ತದೆ.

* ಕಚೇರಿಯಲ್ಲಿ ಬಾಗಿಲು, ಓಡಾಟದ ದಾರಿ ಬಿಟ್ಟು ಗೋಡೆಬದಿಯ ಜಾಗ ಕೇಳಿ. ಬಾಯಿಮಾತಿನ ಸೂಚನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿ.

* ಮಿನುಗುವ ದೀಪ ಬದಲಾಯಿಸಿ. ಓದುವ ಮೇಜಿಗೆ ಸೌಮ್ಯ ದೀಪ ಸಾಕು.

* ಗದ್ದಲದಲ್ಲಿ ಕಿವಿಗೆ ಬಿರಡೆ ಇಟ್ಟುಕೊಳ್ಳಬಹುದು. ಆದರೆ ದಿನವಿಡೀ ಬೇಡ. ಕಿವಿ ಇನ್ನಷ್ಟು ಸೂಕ್ಷ್ಮವಾದೀತು. ರಸ್ತೆ ದಾಟುವಾಗ ಖಂಡಿತ ತೆಗೆದಿಡಿ.

* ಕೆಲವರಿಗೆ ಹಸಿವು, ಬಾಯಾರಿಕೆ ಬೇಗ ತಿಳಿಯುವುದಿಲ್ಲ. ಅಂಥವರು ಗಡಿಯಾರ ನೋಡಿ ಊಟ ಮಾಡಬೇಕು, ನೀರು ಕುಡಿಯಬೇಕು. ದಣಿವಿಗೆ ಸಂಜೆ ಕಾಫಿಯ ಮೇಲೆ ಕಾಫಿ ಕುಡಿದರೆ ನಿದ್ರೆ ಕೆಟ್ಟು, ಮರುದಿನದ ದಣಿವು ಹೆಚ್ಚುತ್ತದೆ.

* ಸಮಾರಂಭವಿದ್ದ ಮರುದಿನ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.

ಇವೆಲ್ಲ ಎಲ್ಲರಿಗೂ ಹೊಂದುವುದಿಲ್ಲ. ಎ.ಡಿ.ಎಚ್.ಡಿ. ಇರುವ ಕೆಲವರಿಗೆ ತೀರಾ ಮೌನವೇ ಕಷ್ಟ; ಮೆಲ್ಲನೆಯ ಸಂಗೀತವಿದ್ದರೆ ಕೆಲಸ ಸಾಗುತ್ತದೆ. ಆದ್ದರಿಂದ ಮನೆಯವರು ಊಹಿಸದೆ ಅವರನ್ನೇ ಕೇಳಿ. ಹೊರಗಿನಿಂದ ಬಂದವರಿಗೆ ಅರ್ಧ ಗಂಟೆ ಸುಮ್ಮನಿರಲು ಬಿಡಿ. ಆಮೇಲೆ ಅವರೇ ಬಂದು ಮಾತನಾಡಿಯಾರು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳು ಸೇರಿವೆ. ಇಂಥ ಉದ್ಯೋಗಿಗಳಿಗೆ ಸರ್ಕಾರಿ ಸಂಸ್ಥೆಗಳು ಸೂಕ್ತ ಅನುಕೂಲ ಒದಗಿಸಬೇಕೆಂದು ಕಾಯಿದೆ ಹೇಳುತ್ತದೆ. ಎ.ಡಿ.ಎಚ್.ಡಿ.ಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ಆದರೂ ಕುಳಿತುಕೊಳ್ಳುವ ಜಾಗ ಬದಲಿಸಿಕೊಡಲು ಯಾವ ಮೇಲಧಿಕಾರಿಗೂ ಕಾಯಿದೆಯ ಬಲ ಬೇಕಿಲ್ಲ.

ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ಎ.ಡಿ.ಎಚ್.ಡಿ.ಗೆ ಪರಿಣಾಮಕಾರಿ ಔಷಧಿಗಳಿವೆ. ಅವನ್ನು ಮನೋವೈದ್ಯರ ಸಲಹೆಯಿಂದಲೇ ತೆಗೆದುಕೊಳ್ಳಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದಣಿದವರ ಬಾಯಲ್ಲಿ ‘ಬದುಕೇ ಸಾಕಾಗಿದೆ’ ಎಂಬ ಮಾತು ಬಂದರೆ ಮಾತ್ರ ಎರಡು ವಾರ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.