ಮೊದಲು ತಳ್ಳಿ ನೋಡಿ

ಪ್ರಶ್ನೆ: ನನಗೀಗ 54 ವರ್ಷ. ಮೈಸೂರಿನಲ್ಲಿ ಓದುವಾಗ ಯೆಜ್ಡಿ ಓಡಿಸುತ್ತಿದ್ದೆ. ಮದುವೆಯಾದ ಮೇಲೆ ಅದನ್ನು ಮಾರಿದೆ, ಆಮೇಲೆ ಬರೀ ಕಾರು. ಈಗ ಮಕ್ಕಳು ದೂರದಲ್ಲಿದ್ದಾರೆ, ಭಾನುವಾರ ಮನೆಯಲ್ಲಿ ನಾವಿಬ್ಬರೇ. ಮತ್ತೆ ಬೈಕು ಕೊಳ್ಳುವ ಆಸೆ. ಎತ್ತರ 5 ಅಡಿ 5 ಇಂಚು, ಸೊಂಟ ಆಗಾಗ ತಕರಾರು ಮಾಡುತ್ತದೆ. ಕಾಲು ಚಾಚಿ ಆರಾಮಾಗಿ ಕೂರುವ ಕ್ರೂಸರೇ ತಗೋ ಅಂತ ಎಲ್ಲರೂ ಹೇಳುತ್ತಾರೆ. ಯಾವುದು ತಗೊಳ್ಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮಗೆ ಹೇಳಿದವರು ಅರ್ಧ ಸರಿಯಾಗಿಯೇ ಹೇಳಿದ್ದಾರೆ. ಕ್ರೂಸರಿನಲ್ಲಿ ಸೀಟು ತಗ್ಗು, ಹ್ಯಾಂಡಲ್ ಎತ್ತರ, ಪಾದ ಇಡುವ ಜಾಗ ಮುಂದೆ. ಮಣಿಕಟ್ಟಿನ ಮೇಲೆ ಭಾರ ಬೀಳುವುದಿಲ್ಲ, ಮಂಡಿ ಮಡಚಿಕೊಂಡು ಹಿಡಿದುಕೊಳ್ಳುವುದಿಲ್ಲ, ಕತ್ತು ನೆಟ್ಟಗಿರುತ್ತದೆ. ಒಳ್ಳೆಯ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವಾಗ ಇದಕ್ಕಿಂತ ಸುಖವಾದ ಆಸನ ಇನ್ನೊಂದಿಲ್ಲ. ಅಮೆರಿಕದ ಉದ್ದುದ್ದ ನೇರ ರಸ್ತೆಗಳಿಗೆ ಹೊಂದಿಕೊಂಡು ಬೆಳೆದ ಆಕಾರವಿದು.

ಉಳಿದರ್ಧ ನಿಮ್ಮ ಸೊಂಟಕ್ಕೆ ಸೇರಿದ್ದು. ಮಾಮೂಲಿ ಬೈಕಿನಲ್ಲಿ ಹಂಪ್ ಕಂಡಾಗ ನಾವು ಏನು ಮಾಡುತ್ತೇವೆ? ನಮಗೇ ಗೊತ್ತಿಲ್ಲದಂತೆ ಪಾದದ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಂಚು ಮೇಲೇಳುತ್ತೇವೆ. ಮಂಡಿ, ತೊಡೆಗಳು ಹೊಡೆತವನ್ನು ನುಂಗಿಕೊಳ್ಳುತ್ತವೆ. ಪಾದ ಮುಂದಕ್ಕೆ ಚಾಚಿಕೊಂಡಿದ್ದರೆ ಹಾಗೆ ಏಳಲು ಆಗುವುದಿಲ್ಲ. ಬೇಕಿದ್ದರೆ ಈಗಲೇ ಕುರ್ಚಿಯಲ್ಲಿ ಕಾಲು ಮುಂದೆ ಚಾಚಿ, ಕೈ ಊರದೆ ಏಳಲು ಪ್ರಯತ್ನಿಸಿ. ಹಂಪಿನ ಏಟು ಸೀಟಿನಿಂದ ನೇರವಾಗಿ ಬೆನ್ನುಮೂಳೆಯ ಬುಡಕ್ಕೇ ಬೀಳುತ್ತದೆ. ಸಾಲದ್ದಕ್ಕೆ, ಸೀಟು ತಗ್ಗಿಸುವ ಸಲುವಾಗಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಜಾಗವನ್ನೂ ಕಡಿಮೆ ಮಾಡಿರುತ್ತಾರೆ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650ರಲ್ಲಿ ಆ ಆಟ 101 ಮಿ.ಮೀ. ಮಾತ್ರ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು 135 ಮಿ.ಮೀ. ನಮ್ಮ ಹಳ್ಳಿ ಹಳ್ಳಿಗೆ ಊರವರೇ ರಾತ್ರೋರಾತ್ರಿ ಜಲ್ಲಿ ಸುರಿದು ಎಬ್ಬಿಸಿದ, ಬಣ್ಣವೂ ಇಲ್ಲದ ಹಂಪುಗಳ ಮುಂದೆ ಈ ಅಂಕಿಯನ್ನು ಇಟ್ಟು ನೋಡಿ.

ಹಾಗಾಗಿ ಟೆಸ್ಟ್ ರೈಡಿಗೆ ಹೋದಾಗ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸಿದರೆ ಒಪ್ಪಬೇಡಿ. ಹಂಪಿರುವ ರಸ್ತೆ ಕೇಳಿ. ಹಂಪಿನ ಮೇಲೆ ನಿಧಾನವಾಗಿ ಹತ್ತಿಸುವಾಗ ಪಾದದ ಮೇಲೆ ಭಾರ ಹಾಕಿ ಏಳಲು ಬರುತ್ತದೆಯೇ? ಬಂದರೆ ಆ ಗಾಡಿ ನಿಮ್ಮ ಸೊಂಟಕ್ಕೆ ಆದೀತು. ಬರದಿದ್ದರೆ ಸೀಟು ಎಷ್ಟೇ ದಪ್ಪವಿದ್ದರೂ ಬೇಡ. ದಪ್ಪ ಸೀಟು ಶೋರೂಮಿನಲ್ಲಿ ಕೂತಾಗ ಬಲು ಹಿತ. ತೀರಾ ಮೆತ್ತಗಿದ್ದರೆ ಒಂದು ಗಂಟೆಯ ಹೊತ್ತಿಗೆ ಅದು ಅಮುಕಿಹೋಗಿ ಕೆಳಗಿನ ಹಲಗೆ ಸಿಗುತ್ತದೆ.

ಅದಕ್ಕೂ ಮೊದಲು, ಎಂಜಿನ್ ಶುರು ಮಾಡುವ ಮೊದಲೇ, ಇನ್ನೊಂದು ಕೆಲಸವಿದೆ. ಗಾಡಿಯ ಮೇಲೆ ಕೂತು, ಎರಡೂ ಕಾಲಲ್ಲಿ ನೆಲ ಒತ್ತಿ, ಅದನ್ನು ಹತ್ತಡಿ ಹಿಂದಕ್ಕೆ ತಳ್ಳಿ. ಸ್ವಲ್ಪ ಏರು ಇರುವ ಕಡೆ ತಳ್ಳಿದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯ ಗೇಟಿನ ಮುಂದೆ ಇಳಿಜಾರಿದ್ದರೆ ದಿನಾ ಮಾಡಬೇಕಾದ ಕೆಲಸವೇ ಅದು. ಬಹಳ ವರ್ಷದ ಮೇಲೆ ಬೈಕಿಗೆ ಮರಳುವವರು ಸಾಮಾನ್ಯವಾಗಿ ವೇಗದಲ್ಲಿ ಬೀಳುವುದಿಲ್ಲ, ವೇಗಕ್ಕೆ ಹೆದರುತ್ತಾರೆ. ಅವರು ಬೀಳುವುದು ನಿಂತಲ್ಲೇ.

ನನ್ನ ಕಥೆಯೇ ಕೇಳಿ. ನಾನೂ ಇಪ್ಪತ್ತು ವರ್ಷ ಬಿಟ್ಟು ಮತ್ತೆ ಶುರು ಮಾಡಿದವನು. ಎರಡನೇ ವಾರ ಚನ್ನರಾಯಪಟ್ಟಣದ ಆಚೆ ಒಂದು ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಡಾಂಬರು ಮುಗಿದು ಮಣ್ಣಿಗೆ ಇಳಿಯುವ ಅಂಚು. ಎಡಗಾಲು ಊರಿದ ಕಡೆ ಸಣ್ಣ ಜಲ್ಲಿ, ಪಾದ ನಾಲ್ಕು ಬೆರಳಷ್ಟು ಜಾರಿತು. ಅಷ್ಟೇ. ಗಾಡಿ ಎಮ್ಮೆ ಮಲಗಿದ ಹಾಗೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಪಕ್ಕಕ್ಕೆ ಮಲಗಿತು. ನಾನು ಹ್ಯಾಂಡಲ್ ಹಿಡಿದುಕೊಂಡೇ ಅದರ ಜೊತೆ ಬಗ್ಗುತ್ತಾ ಹೋದೆ. ಅಂಗಡಿಯಲ್ಲಿದ್ದ ಇಬ್ಬರು ಗ್ಲಾಸು ಕೆಳಗಿಟ್ಟು ಬಂದು ಎತ್ತಿಕೊಟ್ಟರು. ಅವರಲ್ಲೊಬ್ಬರು, ‘ಸಾರ್, ಇದು ನಿಮ್ಮದೇನಾ?’ ಎಂದು ಕೇಳಿದ್ದು ಬಿದ್ದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಇದರ ಲೆಕ್ಕ ಸರಳ. ಒಂದು 190 ಕೆಜಿ ಬೈಕು ನೆಟ್ಟಗೆ ನಿಂತಿರುವಾಗ ಎರಡು ಬೆರಳಲ್ಲಿ ಹಿಡಿಯಬಹುದು. ಅದು 10 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದ ಕೈಗೆ ಸುಮಾರು 16 ಕೆಜಿ ಭಾರ ಬರುತ್ತದೆ. 30 ಡಿಗ್ರಿಗೆ ಹೋದರೆ 50 ಕೆಜಿ ಹತ್ತಿರ. ಇಪ್ಪತ್ತೈದರ ಹುಡುಗ ಮೊದಲ ಐದು ಡಿಗ್ರಿಯಲ್ಲೇ ಸೊಂಟ ತಿರುಗಿಸಿ ನೇರ ಮಾಡಿಬಿಡುತ್ತಾನೆ. ನಮಗೆ ಸುದ್ದಿ ತಲುಪುವ ಹೊತ್ತಿಗೆ ಅದು ಹದಿನೈದು ದಾಟಿರುತ್ತದೆ. ಒಂದು ವೇಳೆ ಬಿದ್ದರೆ ಬಗ್ಗಿ ಎತ್ತಬೇಡಿ, ನಿಮ್ಮ ಸೊಂಟ ಅಲ್ಲೇ ಮುಗಿಯುತ್ತದೆ. ಎಂಜಿನ್ ಆರಿಸಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆ ಬೀಳುತ್ತದೆ. ಬೆನ್ನನ್ನು ಸೀಟಿಗೆ ಆನಿಸಿ ಕುಕ್ಕರುಗಾಲಲ್ಲಿ ಕೂತು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತಾ ಎದ್ದೇಳಿ.

ಈಗ ನಿಮ್ಮ ಯೆಜ್ಡಿಯ ವಿಷಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಆ ಹೆಸರು ವಾಪಸ್ ಬಂತು, ಗಾಡಿ ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ನಾಲ್ಕು ಸ್ಟ್ರೋಕಿನದು, ಆ ಹೊಗೆಯೂ ಇಲ್ಲ, ಆ ಟಪಟಪ ಸದ್ದೂ ಇಲ್ಲ. ಹೆಸರಿನ ಮೋಹಕ್ಕೆ ಕೊಳ್ಳುವುದಾದರೆ ಇದು ತಿಳಿದಿರಲಿ. ಅದಕ್ಕಿಂತ ಮುಖ್ಯ, ಹಳೆಯ ಯೆಜ್ಡಿ ನಿಮ್ಮ ಕೈಕಾಲಿಗೆ ಕಲಿಸಿಟ್ಟ ಅಭ್ಯಾಸಗಳು. ಅದರಲ್ಲಿ ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತಿತ್ತು, ನೆನಪಿದೆಯೇ? ಕ್ಲಚ್ ಲಿವರ್ ಮುಟ್ಟದೆ ಗೇರ್ ಬದಲಿಸುವುದೇ ಕಾಲೇಜು ಹುಡುಗರ ಜಂಬವಾಗಿತ್ತು. ಅದೇ ಪೆಡಲನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಇಂದಿನ ಗಾಡಿಯಲ್ಲಿ ಆ ಜಂಬ ನಡೆಯದು, ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350ರಂಥ ಗಾಡಿಗಳಲ್ಲಿ ಕಿಕ್ಕರೇ ಇಲ್ಲ. ವಾರಗಟ್ಟಲೆ ನಿಲ್ಲಿಸಿ ಬ್ಯಾಟರಿ ಇಳಿದರೆ ತಳ್ಳಬೇಕು, ಇಲ್ಲ ಚಾರ್ಜರ್ ತರಬೇಕು.

ಇದನ್ನು ಓದುತ್ತಿರುವ ಹಳೆಯ ಬುಲೆಟ್ಟಿನವರಿಗೂ ಒಂದು ಮಾತು. ನಿಮ್ಮ ಕಾಲದಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಮೊದಲ ಗೇರಿಗೆ ಮೇಲಕ್ಕೆ, ಆಮೇಲೆ ಕೆಳಕ್ಕೆ. ಈಗ ಎಲ್ಲವೂ ತಿರುವುಮುರುವು. ನಿಧಾನವಾಗಿ ಹೋಗುವಾಗ ತಲೆ ನೆನಪಿಟ್ಟುಕೊಳ್ಳುತ್ತದೆ. ನಾಯಿ ಅಡ್ಡ ಬಂದಾಗ ಕಾಲು ತನ್ನ ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಒಂದು ತಿಂಗಳು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡದೆ ಪೇಟೆಗೆ ಇಳಿಯಬೇಡಿ.

ಬ್ರೇಕೂ ಹಾಗೆಯೇ. ನಮ್ಮ ಕಾಲದವರು ಮುಂದಿನ ಬ್ರೇಕನ್ನು ಹಾವಿನಂತೆ ಕಂಡು ಬೆಳೆದವರು. ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆ ಎಂಬ ಭಯ. 2019ರ ಏಪ್ರಿಲಿನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಎರಡೂ ಚಕ್ರಕ್ಕೆ ಎಬಿಎಸ್ ಇದೆಯೇ, ಮುಂದಿನದಕ್ಕೆ ಮಾತ್ರವೇ ಎಂದು ಕೇಳಿ. ಮಲೆನಾಡಿನ ಮಳೆ ನಿಮಗೆ ಹತ್ತಿರ, ಸಾಧ್ಯವಾದರೆ ಎರಡಕ್ಕೂ ಇರುವುದನ್ನೇ ಕೊಳ್ಳಿ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಮೀಟಿಯಾರ್ 350. ಇದು 2020ರ ಕೊನೆಯಲ್ಲಿ ಬಂದದ್ದು. ಸೀಟು ನೆಲದಿಂದ 765 ಮಿ.ಮೀ., ನಿಮ್ಮ ಎತ್ತರಕ್ಕೆ ಎರಡೂ ಪಾದ ನೆಲ ಮುಟ್ಟುತ್ತವೆ. ಪಾದ ಇಡುವ ಜಾಗ ಮುಂದಿದೆ, ಆದರೆ ಅತಿ ಮುಂದಿಲ್ಲ. ಹಂಪಿನ ಮೇಲೆ ಕಷ್ಟಪಟ್ಟಾದರೂ ಏಳಬಹುದು. ಹಿಮ್ಮಡಿಯಿಂದಲೂ ಗೇರ್ ಹಾಕುವ ಪೆಡಲ್ ಇರುವುದರಿಂದ ಶೂ ತುದಿ ಸವೆಯುವುದಿಲ್ಲ. ಎಂಜಿನ್ 349 ಸಿಸಿ, ಇಪ್ಪತ್ತು ಕುದುರೆ ಬಲ. ಇಬ್ಬರು ಕೂತು ಸಕಲೇಶಪುರದ ಕಡೆಯ ಏರಿನಲ್ಲಿ ಲಾರಿ ದಾಟಬೇಕಾದರೆ ಗೇರ್ ಇಳಿಸಿ ಕಾಯಬೇಕು. ಕಾಯುವುದು ನಿಮಗೆ ಈ ವಯಸ್ಸಿಗೆ ಬಂದಿರಬೇಕು. ತೂಕ 191 ಕೆಜಿ, ಇದೊಂದೇ ನನ್ನ ಅಳುಕು. ಅದಕ್ಕೇ ಆ ಹತ್ತಡಿ ತಳ್ಳುವ ಪರೀಕ್ಷೆ.

ತಳ್ಳಲು ಕಷ್ಟವಾದರೆ ಬಜಾಜ್ ಅವೆಂಜರ್ 220 ಕ್ರೂಸ್ ನೋಡಿ. 163 ಕೆಜಿ, ಸೀಟು 737 ಮಿ.ಮೀ. ಹಳೆಯ ವಿನ್ಯಾಸ, ನಾಜೂಕು ಕಡಿಮೆ, ಹಿಂದೆ ಡಿಸ್ಕ್ ಬ್ರೇಕಿಲ್ಲ. ಆದರೆ ಹಗುರ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಸಣ್ಣ ಊರಲ್ಲೂ ಸಿಗುತ್ತಾನೆ. ಇದರಲ್ಲಿ ಪಾದ ಸಾಕಷ್ಟು ಮುಂದಿರುತ್ತದೆ, ಸೊಂಟದ ಮಾತು ನೆನಪಿರಲಿ. ಕ್ರೂಸರ್ ಆಕಾರವೇ ಸೊಂಟಕ್ಕೆ ಆಗದು ಎಂದು ಹಂಪಿನ ಮೇಲೆ ಗೊತ್ತಾದರೆ ಆಸೆ ಬಿಟ್ಟು ಹೋಂಡಾ ಹೈನೆಸ್ ಸಿಬಿ350 ಕಡೆ ತಿರುಗಿ. ಅದರ ಸೀಟು 800 ಮಿ.ಮೀ., ನೀವು ಮುಂಗಾಲ ಮೇಲೆ ನಿಲ್ಲಬೇಕಾದೀತು. ಬೆನ್ನು ನೆಟ್ಟಗೆ, ಪಾದ ಸೊಂಟದ ಕೆಳಗೇ, ತೂಕ 181 ಕೆಜಿ. ನಿಜ ಹೇಳಬೇಕೆಂದರೆ ಬೆನ್ನು ನೋವಿನವರು ಎಷ್ಟೋ ಜನ ಕೊನೆಗೆ ಬಂದು ನಿಲ್ಲುವುದು ಇಂಥ ನೇರ ಆಸನದ ಗಾಡಿಗೇ.

ಸೂಪರ್ ಮೀಟಿಯಾರ್ 650 ಚೆಂದ ಎಂದು ನನಗೂ ಗೊತ್ತು. ಆ ಎರಡು ಸಿಲಿಂಡರಿನ ನಯ ಒಮ್ಮೆ ಅನುಭವಿಸಿದರೆ ಬಿಡಲು ಮನಸ್ಸಾಗುವುದಿಲ್ಲ. ಅದು 241 ಕೆಜಿ. ಎರಡು ವರ್ಷ 350 ಓಡಿಸಿ, ಕೈ ಕುದುರಿದ ಮೇಲೆ ಬೇಕಾದರೆ ನೋಡೋಣ. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿಯೂ ನನ್ನ ಮಾತನ್ನೇ ಹೇಳುತ್ತಿದೆ. 350 ಸಿಸಿವರೆಗೆ ಶೇ. 18, ಅದರ ಮೇಲೆ ಶೇ. 40.

ಕಾಗದದ ವಿಷಯ ಎರಡೇ ಸಾಲು. ಲೈಸೆನ್ಸಿನಲ್ಲಿ ಗೇರ್ ಇರುವ ದ್ವಿಚಕ್ರದ ಉಲ್ಲೇಖ ಇದೆಯೇ, ಅವಧಿ ಉಳಿದಿದೆಯೇ ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಹಾಗೆಯೇ ಹಳೆಯ ನೆನಪಿನಲ್ಲಿ ಬೆಂಗಳೂರು–ಮೈಸೂರು ದಾರಿ ಹಿಡಿಯುವ ಮನಸ್ಸಿದ್ದರೆ, 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ನಿಮಗೆ ಹಾಸನದಿಂದ ಹಳೇಬೀಡಿನ ಕಡೆಯ ದಾರಿ ಇದೆ, ನಾನಾದರೆ ಮೊದಲ ಭಾನುವಾರಗಳನ್ನು ಅಲ್ಲೇ ಕಳೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಮನೆ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ‘ನಾವಿಬ್ಬರೇ’ ಎಂದಿದ್ದೀರಿ. ಹಿಂದೆ ಕೂರುವವರ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಕ್ರೂಸರುಗಳಲ್ಲಿ ಮುಂದಿನವನಿಗೆ ಸೋಫಾ, ಹಿಂದಿನವರಿಗೆ ಹಲಗೆ. ಮೀಟಿಯಾರಿನಲ್ಲಿ ಹಿಂದೆ ಒರಗುದಿಂಬು ಇರುವ ಮಾದರಿಗಳಿವೆ, ಇಲ್ಲದವೂ ಇವೆ. ಬಣ್ಣ ನೋಡಿ ಮರುಳಾಗಿ ಇಲ್ಲದ್ದನ್ನು ತಂದುಬಿಡಬೇಡಿ. ಒಂದು ಕಡೆಗೆ ಕಾಲು ಹಾಕಿ ಕೂತರೆ ನಿಧಾನ ತಿರುವುಗಳಲ್ಲಿ ಗಾಡಿ ಆ ಕಡೆಗೇ ಎಳೆಯುತ್ತದೆ, ಎರಡೂ ಕಡೆ ಕಾಲು ಹಾಕಿ ಕೂರಲು ಅವರು ಒಪ್ಪಿದರೆ ನಿಮಗೆ ಅರ್ಧ ಭಾರ ಇಳಿದಂತೆ. ಟೆಸ್ಟ್ ರೈಡಿಗೆ ಅವರನ್ನೂ ಕರೆದುಕೊಂಡು ಹೋಗಿ, ಅವರಿಗೆ ಸರಿಹೊಂದುವ ಹೆಲ್ಮೆಟ್ಟನ್ನು ಮನೆಯಿಂದಲೇ ಒಯ್ಯಿರಿ. ಹಂಪಿನ ಮೇಲೆ ಹೋಗಿಬಂದ ಮೇಲೆ ನೀವು ಬಾಯಿ ಬಿಡುವ ಮೊದಲು ಅವರು ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ‘ಪರವಾಗಿಲ್ಲ’ ಎಂದರೆ ಬುಕ್ ಮಾಡಬೇಡಿ, ಇನ್ನೊಂದು ಗಾಡಿ ತೋರಿಸಲು ಹೇಳಿ.