ಬೆರಳು ಜೋಮು ಹಿಡಿದರೂ ಮಾಡೆಲ್ ಕಟ್ಟುವುದು ನಿಲ್ಲದಿರಲಿ

ವಿಮಾನ, ರೈಲು, ಹಡಗು, ದೇವಸ್ಥಾನದ ತೇರು, ಯಾವುದರ ಪುಟ್ಟ ಮಾಡೆಲ್ ಕಟ್ಟಲು ಕೂತರೂ ಕೈಯಿಂದ ಮೂರು ಕೆಲಸ ಆಗಬೇಕು. ಚಿಕ್ಕ ಬಿಡಿಭಾಗವನ್ನು ಹಿಡಿಯಬೇಕು, ಹಿಡಿದದ್ದು ಅಲುಗಾಡಬಾರದು, ಅದು ಸರಿಯಾಗಿ ಕೂತಿತೇ ಎಂದು ಬೆರಳ ತುದಿಗೆ ತಿಳಿಯಬೇಕು. ನರಕ್ಕೆ ತೊಂದರೆಯಾದಾಗ ಮೂರೂ ಒಂದೇ ಸಲಕ್ಕೆ ಹೋಗಬೇಕೆಂದೇನಿಲ್ಲ. ಆದರೂ ಎಷ್ಟೋ ಜನ ಜೋಮು ಶುರುವಾಗುತ್ತಿದ್ದಂತೆ ಕಿಟ್‌ಗಳನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಇದು ನನಗೆ ಬಹಳ ಸಂಕಟದ ವಿಷಯ. ಹೋದದ್ದು ಯಾವುದು ಎಂದು ಗುರುತಿಸಿ, ಅಷ್ಟನ್ನು ಮಾತ್ರ ಸಲಕರಣೆಗೋ ಕಣ್ಣಿಗೋ ಇನ್ನೊಬ್ಬರ ಕೈಗೋ ವಹಿಸಿದರೆ ಹವ್ಯಾಸ ಉಳಿಯುತ್ತದೆ.

1. ಯಾವ ನರ ಎಂದು ಮೊದಲು ತಿಳಿದುಕೊಳ್ಳಿ

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುತ್ತವೆಯೇ? ರಾತ್ರಿ ಎಚ್ಚರವಾಗಿ, ಕೈ ಕೊಡವಿದರೆ ಸ್ವಲ್ಪ ಹಾಯೆನಿಸುತ್ತದೆಯೇ? ಹಾಗಿದ್ದರೆ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಮೀಡಿಯನ್ ನರ ಅದುಮಿಕೊಂಡಿರಬಹುದು. ಕಾರ್ಪಲ್ ಟನಲ್ ತೊಂದರೆ ಎನ್ನುವುದು ಇದನ್ನೇ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಮರಗಟ್ಟಿದ್ದರೆ ಮೊಣಕೈಯ ಒಳಮಗ್ಗುಲಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಅನುಮಾನ. ಕತ್ತು ತಿರುಗಿಸಿದಾಗ ತೋಳಿನುದ್ದಕ್ಕೂ ನೋವು ಇಳಿದರೆ ಮೂಲ ಕತ್ತಿನಲ್ಲಿರಬಹುದು. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಪಾದದಲ್ಲಿ ಆರಂಭವಾಗಿ ಆಮೇಲೆ ಕೈಗೆ ಬರುತ್ತದೆ. ಹಾಲು, ಮೊಸರು ಕೂಡ ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಿಂದಲೂ ನರ ಸೊರಗುತ್ತದೆ. ಥೈರಾಯ್ಡ್ ಕಡಿಮೆಯಿದ್ದರೆ ಮಣಿಕಟ್ಟಿನ ತೊಂದರೆ ಹೆಚ್ಚು. ಸ್ಪರ್ಶ ತಿಳಿಯದ ಬಿಳಿಚಿದ ಮಚ್ಚೆ ಜೊತೆಗಿದ್ದರೆ ಕುಷ್ಠ ಇದೆಯೇ ಎಂದೂ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧವಿದೆ, ಬೇಗ ಹೋದರೆ ಕೈ ಉಳಿಯುತ್ತದೆ.

ರಕ್ತ ಪರೀಕ್ಷೆ ಮತ್ತು ನರ್ವ್ ಕಂಡಕ್ಷನ್ ಟೆಸ್ಟ್ ಆದ ಮೇಲೆಯೇ ಔಷಧ. ಮೆಡಿಕಲ್ ಶಾಪಿನಿಂದ ನೀವೇ ವಿಟಮಿನ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬಿ12ರ ಗುಂಪಿನದೇ ಆದ ಬಿ6 ಅತಿಯಾದರೆ ತಾನೇ ನರಕ್ಕೆ ಹಾನಿ ಮಾಡುತ್ತದೆ. ಹೆಬ್ಬೆರಳ ಬುಡದ ಮಾಂಸ ಇಳಿದು ಚಪ್ಪಟೆಯಾಗುತ್ತಿದ್ದರೆ ತಡ ಮಾಡುವಂತಿಲ್ಲ. ಒಂದು ಮಗ್ಗುಲ ಕೈ ಇದ್ದಕ್ಕಿದ್ದಂತೆ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

2. ಉಳಿದದ್ದೇನು ಎಂದು ಮೇಜಿನ ಮೇಲೇ ಪರೀಕ್ಷಿಸಿ

ಕಣ್ಣು ಮುಚ್ಚಿ ಒಂದು ನಾಣ್ಯ, ಒಂದು ಗುಂಡಿ, ಒಂದು ಸ್ಕ್ರೂ ಮುಟ್ಟಿ. ಯಾವುದು ಯಾವುದೆಂದು ಬೆರಳಿಗೆ ತಿಳಿಯಿತೇ? ಬಣ್ಣದ ಡಬ್ಬಿಯ ಮುಚ್ಚಳ ತೆರೆಯಲು ಬಂದೀತೇ? ಒಂದು ನೇರ ಗೆರೆಯ ಮೇಲೆ ಬ್ರಷ್ ಓಡಿಸಿದರೆ ಎಷ್ಟು ಆಚೀಚೆ ಹೋಗುತ್ತದೆ? ಸ್ಪರ್ಶ, ಶಕ್ತಿ, ಸ್ಥಿರತೆ, ಈ ಮೂರಕ್ಕೂ ಉಪಾಯ ಬೇರೆಬೇರೆ. ಎರಡು ಕೈಗಳನ್ನೂ ಪರೀಕ್ಷಿಸಿ, ಎಷ್ಟೋ ಸಲ ಎಡಗೈ ನೀವೆಣಿಸಿದ್ದಕ್ಕಿಂತ ಚೆನ್ನಾಗಿರುತ್ತದೆ.

3. ಹಿಡಿಯನ್ನು ದಪ್ಪ ಮಾಡಿ

ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಉಪಾಯ ಇದು. ಸ್ಪರ್ಶ ಕಡಿಮೆಯಾದ ಬೆರಳು ವಸ್ತು ಜಾರೀತೆಂಬ ಭಯಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಅದುಮುತ್ತದೆ. ತೆಳುವಾದ ಬ್ರಷ್ಷನ್ನೋ ಕ್ರಾಫ್ಟ್ ಚಾಕುವನ್ನೋ ಹಾಗೆ ಅದುಮಿ ಹಿಡಿದರೆ ಅರ್ಧ ಗಂಟೆಗೆ ಕೈ ಸೋಲುತ್ತದೆ. ಬ್ರಷ್ಷಿನ ಕಡ್ಡಿಗೆ ಫೋಮ್ ಟ್ಯೂಬ್ ತೊಡಿಸಿ. ಚಾಕುವಿಗೆ ಹಳೆಯ ಸೈಕಲ್ಲಿನ ರಬ್ಬರ್ ಹಿಡಿ ಆದೀತು. ಇನ್ನೂ ಒಳ್ಳೆಯದು ಎಂ-ಸೀಲ್: ಕಲಸಿ ಹಿಡಿಯ ಸುತ್ತ ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ, ನೀವು ಹಿಡಿಯುವ ರೀತಿಯಲ್ಲೇ ಒಮ್ಮೆ ಮೆಲ್ಲಗೆ ಅದುಮಿ ಬಿಡಿ. ಗಟ್ಟಿಯಾದ ಮೇಲೆ ನಿಮ್ಮ ಬೆರಳ ಅಚ್ಚೇ ಹಿಡಿಯಾಗಿರುತ್ತದೆ. ಉಪ್ಪುಕಾಗದವನ್ನು ಬರಿ ಬೆರಳಲ್ಲಿ ಮಡಚಿ ಉಜ್ಜುವ ಬದಲು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಕಡ್ಡಿಯ ಇನ್ನೊಂದು ತುದಿಗೆ ಇದೇ ದಪ್ಪ ಹಿಡಿ ಹಾಕಿ.

4. ಹಿಡಿದುಕೊಳ್ಳುವ ಕೆಲಸವನ್ನು ಬೆರಳಿಗೆ ಕೊಡಬೇಡಿ

ಸಾಮಾನ್ಯ ಚಿಮುಟ ಅದುಮಿದಾಗ ಹಿಡಿಯುತ್ತದೆ. ಅಡ್ಡಕಾಲಿನ ಚಿಮುಟ ಇದಕ್ಕೆ ತದ್ವಿರುದ್ಧ: ಅದುಮಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ಒಮ್ಮೆ ಅದರ ಬಾಯಿಗೆ ಬಿಡಿಭಾಗ ಸಿಕ್ಕಿತೆಂದರೆ ನಿಮ್ಮ ಬೆರಳಿಗೆ ಬಿಡುವು. ಚಿನ್ನದ ಕೆಲಸದವರು, ಬೆಸುಗೆ ಹಾಕುವವರು ಬಳಸುವ ಈ ಚಿಮುಟವನ್ನು ಮೊದಲು ಕೊಳ್ಳಿ. ಮುಂದಿನದು ಮೇಜಿಗೆ ಕಚ್ಚುವ ಸಣ್ಣ ವೈಸ್. ಅದರ ಬಾಯಿಗೆ ಎರಡು ಚೂರು ಚರ್ಮ ಅಂಟಿಸಿದರೆ ಪ್ಲಾಸ್ಟಿಕ್ಕಿಗೆ ಗೀರು ಬೀಳುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಎರಡು ಕ್ಲಿಪ್ಪಿನ ಬೆಸುಗೆ ಸ್ಟ್ಯಾಂಡ್, ಬಟ್ಟೆ ಒಣಹಾಕುವ ಕ್ಲಿಪ್ಪು, ಮಾಸ್ಕಿಂಗ್ ಟೇಪು ಎಲ್ಲವೂ ಕೆಲಸಕ್ಕೆ ಬರುತ್ತವೆ. ಕಾಕ್‌ಪಿಟ್ಟಿನ ಸನ್ನೆಯಂಥ ಸಣ್ಣ ಭಾಗಗಳಿಗೆ ಟೂತ್‌ಪಿಕ್ ತುದಿಯಲ್ಲಿ ಬ್ಲೂ ಟ್ಯಾಕ್‌ನ ಚೂರು ಸಾಕು. ಮುಟ್ಟಿಸಿ ಎತ್ತಿ, ಜಾಗಕ್ಕಿಟ್ಟು, ಟೂತ್‌ಪಿಕ್ಕನ್ನು ತುಸು ಹೊರಳಿಸಿ ಬಿಡಿಸಿ.

ಪ್ಲಾಸ್ಟಿಕ್ ಅಂಟಿಸುವ, ನೀರಿನಂಥ ತೆಳು ಸಿಮೆಂಟ್ ಇಲ್ಲಿ ನಿಮ್ಮ ದೊಡ್ಡ ಆಸರೆ. ಎರಡು ಭಾಗಗಳನ್ನು ಮೊದಲೇ ಜೋಡಿಸಿ ಟೇಪಿನಿಂದ ಬಿಗಿದು, ಸಂದಿಗೆ ಬ್ರಷ್ ತುದಿ ಮುಟ್ಟಿಸಿದರೆ ಅಂಟು ತಾನಾಗಿ ಒಳಗೆ ಹರಿಯುತ್ತದೆ. ಅಂಟು ಹಚ್ಚಿದ ತುಂಡನ್ನು ಅವಸರದಲ್ಲಿ, ಅಲುಗುವ ಕೈಯಲ್ಲಿ ಕೂರಿಸುವ ತಾಪತ್ರಯವೇ ಇಲ್ಲ.

5. ಬ್ಲೇಡನ್ನು ಕಣ್ಣಿನಿಂದ ಕಾಯಿರಿ

ಮರಗಟ್ಟಿದ ಬೆರಳಿಗೆ ಕೊಯ್ದದ್ದು ಗೊತ್ತಾಗುವುದಿಲ್ಲ. ಮಾಡೆಲ್ ಮೇಲೆ ಕೆಂಪು ಕಲೆ ಕಂಡಾಗಲೇ ಗಾಯ ತಿಳಿಯುವುದುಂಟು. ಸಕ್ಕರೆ ಕಾಯಿಲೆ ಇರುವವರಿಗೆ ಆ ಸಣ್ಣ ಗಾಯ ವಾರಗಟ್ಟಲೆ ಕಾಡಬಹುದು. ಆದ್ದರಿಂದ ಕೆಲವು ಕಟ್ಟಳೆಗಳನ್ನು ಬಿಡದೆ ಪಾಲಿಸಿ. ಕೊಯ್ಯುವ ಭಾಗ ವೈಸಿನಲ್ಲಿರಲಿ, ಇನ್ನೊಂದು ಕೈ ಬ್ಲೇಡಿನ ದಾರಿಯಲ್ಲಿ ಇರಲೇಬಾರದು. ಬ್ಲೇಡು ಮೊಂಡಾಗುವ ಮೊದಲೇ ಬದಲಿಸಿ. ಮೊಂಡಾದದ್ದಕ್ಕೆ ಒತ್ತಡ ಹೆಚ್ಚು ಬೇಕು, ಒತ್ತಿದಾಗಲೇ ಜಾರುವುದು. ಫ್ರೇಮಿನಿಂದ ಭಾಗ ಬಿಡಿಸಲು ಚಾಕು ಬೇಡ, ಸ್ಪ್ರಿಂಗ್ ಇರುವ ನಿಪ್ಪರ್ ಬಳಸಿ, ಅದು ತಾನೇ ಬಾಯಿ ತೆರೆಯುತ್ತದೆ. ಉಳಿದ ಮೊಳಕೆಯನ್ನು ಅರದಿಂದ ಸವರಿ. ಚಾಕು ಕೈಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ. ಅದಕ್ಕಾಗಿಯೇ ಕೆಲಸಕ್ಕೆ ಕೂರುವಾಗ ಕಾಲಿಗೆ ಶೂ ಹಾಕಿಕೊಳ್ಳಿ.

ಬಿಸಿಯ ವಿಷಯದಲ್ಲೂ ಇದೇ ಎಚ್ಚರ. ಬೆಸುಗೆ ಕಡ್ಡಿ, ಗ್ಲೂ ಗನ್ ಎರಡಕ್ಕೂ ಸ್ಟ್ಯಾಂಡ್ ಬೇಕೇ ಬೇಕು. ಹತ್ತಿಯ ಕೈಗವಸು ತೊಟ್ಟು ಸೂಪರ್ ಗ್ಲೂ ಮುಟ್ಟಬೇಡಿ. ಹತ್ತಿಗೆ ಅದು ತಾಗಿದರೆ ಚರ್ಮ ಸುಡುವಷ್ಟು ಬಿಸಿಯೇಳುತ್ತದೆ, ಜೋಮು ಹಿಡಿದ ಬೆರಳಿಗೆ ಆ ಉರಿ ತಡವಾಗಿ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದು, ದೀಪದ ಕೆಳಗೆ ಹತ್ತೂ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ.

6. ಮಣಿಕಟ್ಟು ನೇರ, ಮೊಣಕೈ ಸಡಿಲ

ಮಣಿಕಟ್ಟು ಬಗ್ಗಿದಷ್ಟೂ ಒಳಗಿನ ನರಕ್ಕೆ ಒತ್ತಡ. ಮಾಡೆಲನ್ನು ಪೆಟ್ಟಿಗೆಯ ಮೇಲಿಟ್ಟು ಕಣ್ಣಿನ ಹತ್ತಿರಕ್ಕೆ ಎತ್ತರಿಸಿ. ಆಗ ಕತ್ತೂ ಬಗ್ಗುವುದಿಲ್ಲ, ಕೈಯೂ ಮಡಚುವುದಿಲ್ಲ. ಅಲ್ನಾರ್ ತೊಂದರೆಯಿದ್ದವರು ಮೇಜಿನ ಅಂಚಿಗೆ ಮೊಣಕೈ ಊರಬಾರದು, ಊರಲೇಬೇಕಾದರೆ ಮೆತ್ತನೆಯ ದಿಂಬಿರಲಿ. ಕಾರ್ಪಲ್ ಟನಲ್‌ಗೆ ವೈದ್ಯರು ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ಕೊಟ್ಟಿದ್ದರೆ ತಪ್ಪದೆ ಕಟ್ಟಿ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಅದು ಮೊಳಗಿದಾಗ ಎದ್ದುಬಿಡಿ. ಒಂದು ರೆಕ್ಕೆ ಮುಗಿಸಿಯೇ ಏಳುತ್ತೇನೆ ಎಂಬ ಹಟವೇ ಮರುದಿನದ ನೋವು.

7. ಕಂಪಿಸುವ ಯಂತ್ರ ದೂರವಿರಲಿ

ಗಿರಗಿರನೆ ತಿರುಗುವ ರೋಟರಿ ಟೂಲ್ ಬಲು ಆಕರ್ಷಕ. ಆದರೆ ಕಂಪನವನ್ನು ದೀರ್ಘಕಾಲ ಹಿಡಿದ ಕೈಗೆ ನರದ ತೊಂದರೆ ಬರುವುದು ಕಾರ್ಖಾನೆಗಳಲ್ಲಿ ಚೆನ್ನಾಗಿ ಕಂಡುಬಂದ ಸಂಗತಿ. ಬೇಕೇ ಬೇಕಾದರೆ ಯಂತ್ರವನ್ನು ಸ್ಟ್ಯಾಂಡಿಗೆ ಬಿಗಿದು, ಬಿಡಿಭಾಗವನ್ನು ಅದರ ಬಳಿಗೆ ಒಯ್ಯಿರಿ.

8. ಅಂಟಿನ ಡಬ್ಬಿಯ ಮೇಲಿನ ಅಕ್ಷರ ಓದಿ

ಈ ಮಾತನ್ನು ಸ್ವಲ್ಪ ಒತ್ತಿಯೇ ಹೇಳಬೇಕು. ನಮ್ಮ ಹವ್ಯಾಸದ ಕೆಲವು ದ್ರವಗಳೇ ನರದ ವೈರಿಗಳು. ರಬ್ಬರ್ ಅಂಟುಗಳಲ್ಲಿ ಬಳಕೆಯಾಗುತ್ತಿದ್ದ ಎನ್-ಹೆಕ್ಸೇನ್ ಎಂಬ ದ್ರಾವಕದ ಹಬೆ ಕುಡಿದು ಜಪಾನಿನಲ್ಲಿ ಚಪ್ಪಲಿ ತಯಾರಿಸುವವರಿಗೂ ಇಟಲಿಯಲ್ಲಿ ಶೂ ತಯಾರಿಸುವವರಿಗೂ ಕೈಕಾಲಿನ ನರ ಕೆಟ್ಟ ಇತಿಹಾಸವಿದೆ. ಮೀಥೈಲ್ ಈಥೈಲ್ ಕೀಟೋನ್ ಎಂಬ ಇನ್ನೊಂದು ದ್ರಾವಕ ಜೊತೆಗಿದ್ದರೆ ಹೆಕ್ಸೇನಿನ ಹಾನಿ ಹೆಚ್ಚುತ್ತದೆ, ಕೆಲವು ಪ್ಲಾಸ್ಟಿಕ್ ಸಿಮೆಂಟುಗಳಲ್ಲಿ ಅದು ಇರುತ್ತದೆ. ನರ ಆಗಲೇ ಸೋತಿರುವವರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇವನ್ನು ತೆರೆಯಲೇಬಾರದು. ಕಿಟಕಿಯ ಕಡೆ ಮುಖ ಮಾಡಿದ ಫ್ಯಾನ್ ಹಬೆಯನ್ನು ಹೊರಗೆ ತಳ್ಳಲಿ. ಬಣ್ಣದಲ್ಲಿ ನೀರಿನಲ್ಲಿ ಕರಗುವ ಅಕ್ರಿಲಿಕ್ ಇರುವಾಗ ಥಿನ್ನರ್ ಏಕೆ? ಬಾಲ್ಸಾ, ರಟ್ಟು, ಬೆಂಕಿಕಡ್ಡಿ ಮಾಡೆಲ್‌ಗಳಿಗೆ ಫೆವಿಕಾಲ್ ಸಾಕು.

ಸೀಸವೂ ಹಾಗೆಯೇ. ಮೂಗಿನ ಕೆಳಗೆ ಚಕ್ರವಿರುವ ವಿಮಾನ ಬಾಲದ ಕಡೆಗೆ ವಾಲದಂತೆ ಮೂಗಿನೊಳಗೆ ಸೀಸದ ಗುಂಡು ತುಂಬುವ ರೂಢಿಯಿದೆ. ಸೀಸ ದೇಹದಲ್ಲಿ ಸೇರಿದರೆ ಮಣಿಕಟ್ಟನ್ನು ಎತ್ತಲಾಗದಂತೆ ನರ ಸೋಲುತ್ತದೆ ಎಂಬುದು ವೈದ್ಯರಿಗೆ ಹಳೆಯ ಅನುಭವ. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ಅದೇ ಕೆಲಸ ಮಾಡುತ್ತವೆ.

9. ಸ್ಕೇಲ್ ದೊಡ್ಡದಾಗಲಿ, ತುಂಡು ಕಡಿಮೆಯಾಗಲಿ

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಉದ್ದ ಸುಮಾರು 15.87 ಮೀಟರ್. 1/72 ಸ್ಕೇಲಿನಲ್ಲಿ ಅದು 22 ಸೆಂಟಿಮೀಟರ್, 1/48ರಲ್ಲಿ 33, 1/32ರಲ್ಲಿ ಅರ್ಧ ಮೀಟರಿಗೆ ಹತ್ತಿರ. ಒಂದು ಸ್ಕೇಲ್ ಮೇಲೇರಿದರೂ ಚಕ್ರ, ಬಾಗಿಲು, ಆಸನ ಎಲ್ಲವೂ ಬೆರಳಿಗೆ ಸಿಗುವ ಗಾತ್ರಕ್ಕೆ ಬರುತ್ತವೆ. ಆದರೆ ದೊಡ್ಡ ಕಿಟ್‌ಗಳಲ್ಲಿ ಕೆಲವು ನೂರಾರು ಹೆಚ್ಚುವರಿ ಚೂರುಗಳನ್ನು ತುಂಬಿಕೊಂಡಿರುತ್ತವೆ, ಕೊಳ್ಳುವ ಮುನ್ನ ಭಾಗಗಳ ಸಂಖ್ಯೆ ನೋಡಿ. ತೆಳು ಹಿತ್ತಾಳೆಯ ಫೋಟೋ-ಎಚ್ ಭಾಗಗಳನ್ನು ಬಿಟ್ಟುಬಿಟ್ಟರೆ ಮಾಡೆಲಿಗೆ ಕೊರತೆಯೇನೂ ಆಗದು.

ಅಂಟಿಲ್ಲದೆ ಒತ್ತಿ ಕೂರಿಸುವ ಗುಂಡಮ್ ರೋಬೋಟ್‌ನಂಥ ಕಿಟ್ ಸುಲಭವೆಂದು ಹಲವರ ನಂಬಿಕೆ. ಹೆಬ್ಬೆರಳಲ್ಲಿ ಬಲವಿಲ್ಲದವರಿಗೆ ಆ ಒತ್ತುವುದೇ ಕಷ್ಟ. ಮೊಳೆಯಂಥ ಪ್ಲಾಸ್ಟಿಕ್ ಗೂಟದ ತುದಿಯನ್ನು ನಿಪ್ಪರ್‌ನಿಂದ ಓರೆಯಾಗಿ ಕತ್ತರಿಸಿ, ಮೆಲ್ಲಗೆ ಜಾರಿ ಕೂರುತ್ತದೆ. ಸಡಿಲವೆನಿಸಿದರೆ ಒಂದು ಹನಿ ಸಿಮೆಂಟ್ ಹಾಕಿ.

10. ಬಣ್ಣಕ್ಕೆ ಎರಡೂ ಕೈ ಒಂದಾಗಲಿ

ನಡುಗುವ ಕೈಗಳನ್ನು ಗಾಳಿಯಲ್ಲಿ ಬಿಡಬೇಡಿ. ಎರಡೂ ಮುಂಗೈಗಳನ್ನು ಮೇಜಿಗೆ ಊರಿ, ಎರಡೂ ಅಂಗೈಗಳ ಬುಡ ಒಂದಕ್ಕೊಂದು ತಾಗಿಸಿ. ಆಗ ಬ್ರಷ್ಷೂ ಮಾಡೆಲ್ಲೂ ಒಟ್ಟಿಗೆ ಅಲುಗುತ್ತವೆ, ಗೆರೆ ಕೆಡುವುದಿಲ್ಲ. ಅಂಚು ಚೂಪಾಗಿ ಬರಬೇಕಾದಲ್ಲಿ ಮಾಸ್ಕಿಂಗ್ ಟೇಪ್. ಸ್ಪ್ರೇ ಡಬ್ಬಿಯ ಗುಂಡಿ ಒತ್ತಲು ಬೆರಳು ಸೋತರೆ, ಡಬ್ಬಿಯ ತಲೆಗೆ ಕೂರುವ ಹಿಡಿ ಸಿಗುತ್ತದೆ, ಅದನ್ನು ಮುಷ್ಟಿಯಿಂದ ಅದುಮಬಹುದು. ಏರ್‌ಬ್ರಷ್ ಕೊಳ್ಳುವವರು ಪಿಸ್ತೂಲಿನಂತೆ ಹಿಡಿಯುವ ಬಗೆಯನ್ನು ನೋಡಿ. ತೋರುಬೆರಳೊಂದರ ಸೂಕ್ಷ್ಮ ಚಲನೆಯನ್ನೇ ನಂಬಿರುವ ಬಗೆ ನಿಮಗಲ್ಲ. ತಗಡಿನ ಸಂದುಗಳಿಗೆ ಒಂದೊಂದಾಗಿ ಗೆರೆ ಎಳೆಯಬೇಕಿಲ್ಲ, ತೆಳುಗಪ್ಪು ಬಣ್ಣ ಸವರಿ ಒರೆಸಿದರೆ ಅದು ತಾನೇ ಸಂದುಗಳಲ್ಲಿ ನಿಲ್ಲುತ್ತದೆ.

11. ಇನ್ನೊಬ್ಬರ ಕೈ ಪಡೆಯಿರಿ

ಚಿತ್ರಕಾರ ರೆನ್ವಾರ್‌ಗೆ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಅದು ಕೀಲಿನ ರೋಗ, ನರದ್ದಲ್ಲ, ಆದರೆ ತೊಡಕು ಇಂಥದ್ದೇ. 1913ರಿಂದ ಅವರು ರಿಚರ್ಡ್ ಗೀನೋ ಎಂಬ ಯುವ ಶಿಲ್ಪಿಯ ಕೈಯಿಂದ ತಮ್ಮ ಕಲ್ಪನೆಯ ಶಿಲ್ಪಗಳನ್ನು ಮಾಡಿಸಿದರು. ಹಾಗೆಯೇ ನಿಮಗೂ ಮನೆಯ ಮಕ್ಕಳು ಭಾಗಗಳನ್ನು ಬಿಡಿಸಿ ಕೊಡಲಿ. ಯಾವುದು ಮೊದಲು, ಯಾವ ಬಣ್ಣ, ಎಷ್ಟು ತುಕ್ಕು ಎಂಬ ತೀರ್ಮಾನ ನಿಮ್ಮದಿರಲಿ. ಮೊಮ್ಮಗಳಿಗೆ ಅರ ಹಿಡಿಯುವುದನ್ನು ಕಲಿಸುವುದೂ ಮಾಡೆಲ್ ಕಟ್ಟುವುದೇ.

12. ಕೈ ಕೇಳದ ದಿನ ಕಣ್ಣಿಗೆ ಕೆಲಸ

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಂತಿದೆ, ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಹಳೆಯ ಉಗಿಬಂಡಿಗಳಿವೆ. ಹೋಗಿ ಚಕ್ರದ ಗುಂಡಿ, ತಗಡಿನ ಜೋಡಣೆ, ಹೊಗೆ ಹಿಡಿದ ಜಾಗಗಳ ಫೋಟೋ ತೆಗೆದು ತನ್ನಿ. ಒಳ್ಳೆಯ ಮಾಡೆಲಿನ ಅರ್ಧ ಕೆಲಸ ಇಂಥ ನೋಟದಲ್ಲೇ ಮುಗಿದಿರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

13. ಶಸ್ತ್ರಚಿಕಿತ್ಸೆಯಾಗಿದ್ದರೆ ನರದ ವೇಗಕ್ಕೆ ಹೊಂದಿಕೊಳ್ಳಿ

ತುಂಡಾದ ಅಥವಾ ತೀರ ಹಾನಿಯಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ತಲುಪಲು ತಿಂಗಳುಗಳೇ ಬೇಕು. ಬರೀ ಅದುಮಿಕೊಂಡಿದ್ದ ನರವಾದರೆ ಕೆಲವರಿಗೆ ಆರಾಮ ಬೇಗ ಸಿಗುತ್ತದೆ, ಆದರೆ ಹಿಡಿತದ ಬಲ ನಿಧಾನವಾಗಿಯೇ ಮರಳುವುದು. ಯಾವಾಗ ಏನು ಶುರು ಮಾಡಬಹುದೆಂದು ಆಕ್ಯುಪೇಷನಲ್ ಥೆರಪಿಸ್ಟ್ ಹೇಳುತ್ತಾರೆ. ಅವರ ಬಳಿ ಹೋಗುವಾಗ ನಿಮ್ಮ ನಿಪ್ಪರ್, ಚಿಮುಟ, ಬ್ರಷ್ಷುಗಳನ್ನು ಚೀಲದಲ್ಲಿ ಒಯ್ಯಿರಿ, ನೀವು ಹಿಡಿಯುವ ರೀತಿಯನ್ನು ತೋರಿಸಿ. ಸ್ಪರ್ಶವನ್ನು ಮತ್ತೆ ಕಲಿಯಲು ಅವರು ಬೇರೆಬೇರೆ ವಸ್ತುಗಳನ್ನು ಕಣ್ಣು ಮುಚ್ಚಿ ಮುಟ್ಟಿಸುವುದುಂಟು. ನುಣುಪಾದ ರೆಕ್ಕೆ, ಗೆರೆಗೆರೆಯ ಚಕ್ರ, ಒರಟು ಉಪ್ಪುಕಾಗದ ಇದಕ್ಕೆ ಹೇಳಿಮಾಡಿಸಿದಂತಿವೆ. ಅಪ್ಪಣೆ ಸಿಕ್ಕಿದ ಮೇಲೆ ಭಾಗಗಳನ್ನು ವಿಂಗಡಿಸುವುದು, ತೊಳೆಯುವುದು, ದೊಡ್ಡ ಜಾಗಗಳಿಗೆ ಬಣ್ಣ ಬಳಿಯುವುದು, ಈ ಕ್ರಮದಲ್ಲಿ ಮುಂದುವರಿಯಿರಿ. ಸ್ಪರ್ಶ ಮರಳಿದೆ ಎಂದು ಖಾತ್ರಿಯಾಗುವ ತನಕ ಚಾಕುವಿನ ಕೆಲಸ ಮನೆಯವರದ್ದೇ ಆಗಿರಲಿ.